ಅದರ ಮುಖ ನೋಡಿ ಹೇಳು

“ನನಗೆ ಹೇಳ್ಬೇಡಿ. ಕೆಳಗೆ ಕೂತ್ಕೊಂಡು ಅದರ ಮುಖ ನೋಡಿ ಹೇಳಿ!”

ಕೌಂಟರಿನ ಹಿಂದಿನಿಂದ ಬಂದ ಆ ದನಿಗೆ ಸಾಲಿನಲ್ಲಿ ನಿಂತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಜೋರು ಮಾಡಿದರೆ ನಲ್ಲಿಯಿಂದ ಬೀಳುವ ನೀರು ಹೆದರಿ ವಾಪಸ್ ಪೈಪಿನೊಳಗೆ ಹೋಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಎದುರಿಗೆ ನಿಂತಿದ್ದವನು ಬೀಗದವನು. ರಸ್ತೆಯ ತಿರುವಿನಲ್ಲಿ ಒಂದು ಮೇಜು, ಕೀಲಿ ಉಜ್ಜುವ ಒಂದು ಅರ, ಗೊಂಚಲು ಗೊಂಚಲು ಕೀಲಿ ಇಟ್ಟುಕೊಂಡು ಕೂರುವವನು. ಅವನು ಸುಮ್ಮನೆ ಒಂದು ನೋಟ ನೋಡಿದರೆ ಸಾಕು, ಎಂಥ ಬೀಗವೂ ನಾಚಿಕೊಂಡು ತಾನಾಗಿ ತೆರೆದುಕೊಳ್ಳುತ್ತದೆ ಅನ್ನುವ ಮಾತಿತ್ತು. ಇವತ್ತು ಅವನ ಕೈಯಲ್ಲಿ ಕೀಲಿ ಇರಲಿಲ್ಲ. ಹಗ್ಗ ಇತ್ತು. ಹಗ್ಗದ ಆ ತುದಿಯಲ್ಲಿ ಒಂದು ಕಂದು ಬಣ್ಣದ ಹೆಣ್ಣು ನಾಯಿ.

ಅದರ ಹೆಸರು ಗುಡುಗು. ಹುಟ್ಟಿದಾಗಿನಿಂದ ಒಂದು ಸಲವೂ ಬೊಗಳದ ನಾಯಿಗೆ ಯಾರೋ ತಮಾಷೆಗೆ ಇಟ್ಟ ಹೆಸರು.

ಅದು ಬೀದಿಪಾಲಾದ ಪ್ರಾಣಿಗಳನ್ನು ಇಟ್ಟು ಸಲಹುವ ಜಾಗ. ಊರಿನವರೆಲ್ಲ ‘ನಾಯಿಮನೆ’ ಅನ್ನುತ್ತಿದ್ದರು. ಒಳಗಿದ್ದ ಬೆಕ್ಕುಗಳಿಗೆ ಈ ವಿಷಯದಲ್ಲಿ ಬಹಳ ಬೇಜಾರಿತ್ತು. ಬೇಕಾದವರು ಬಂದು ಸಾಕಲು ಕರೆದುಕೊಂಡು ಹೋಗಬಹುದು. ಬೇಡವಾದರೆ ತಂದು ಬಿಡಲೂಬಹುದು. ಆದರೆ ತಂದು ಬಿಡುವವರಿಗೆ ಅವಳದೇ ಒಂದು ಕಟ್ಟಳೆ. ಯಾಕೆ ಬಿಡುತ್ತಿದ್ದೀರಿ ಅನ್ನುವುದನ್ನು ಆ ಪ್ರಾಣಿಗೇ ಹೇಳಬೇಕು. ಮುಖ ನೋಡಿ. ಎಲ್ಲರೆದುರಿಗೆ.

ದೊಡ್ಡ ಮನೆಯ ಹೆಂಗಸೊಬ್ಬಳು ಬೆಕ್ಕಿನ ಮುಂದೆ ಕೂತು “ನಿನ್ನ ಕೂದಲು ನನ್ನ ಸೋಫಾಗೆ...” ಅನ್ನುವಷ್ಟರಲ್ಲಿ ಗೊಳೋ ಎಂದು ಅತ್ತು, ಬೆಕ್ಕನ್ನು ಎತ್ತಿಕೊಂಡು ಮನೆಗೆ ಓಡಿದ್ದಳು. ಅವತ್ತಿನಿಂದ ಕೌಂಟರಿನವಳಿಗೆ ‘ಕಾರಣಕ್ಕ’ ಅನ್ನುವ ಹೆಸರು ಬಿತ್ತು.

ಬೀಗದವನು ಮಂಡಿಯೂರಿ ಕೂತ. ಗುಡುಗು ಅವನ ಮೂಗು ನೆಕ್ಕಿತು.

“ಹೇಳಿ!”

ಅವನು ಹಗ್ಗವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ಊರಿನ ಬೀಗವೆಲ್ಲ ತೆಗೀತೀರಂತೆ. ನಿಮ್ಮ ಬಾಯಿಗೆ ಹಾಕಿರೋದು ಯಾವ ಕಂಪನಿ ಬೀಗ?”

ಸಾಲಿನಲ್ಲಿ ಯಾರೋ ಕಿಸಕ್ ಎಂದರು. ಬೀಗದವನ ಕಿವಿ ಕೆಂಪಾಯಿತು. ಅವನು ನಾಯಿಯ ಎಡಗೆನ್ನೆಯನ್ನು ಅಂಗೈಯಲ್ಲಿ ಹಿಡಿದು ಕೊನೆಗೂ ಹೇಳಿದ.

“ನೀನು... ಜಾಸ್ತಿ ತಿಂತೀಯ.”

ಗುಡುಗು ಬಾಲ ಅಲ್ಲಾಡಿಸಿತು. ಸಾಲಿನವರೆಲ್ಲ ಗೊಳ್ಳೆಂದು ನಕ್ಕರು. ಅವಳು ಮಾತ್ರ ನಗಲಿಲ್ಲ. ಅವಳು ನಕ್ಕಿದ್ದನ್ನು ಆ ನಾಯಿಮನೆಯಲ್ಲಿ ಯಾರೂ ನೋಡಿಯೇ ಇರಲಿಲ್ಲ.

“ಥೂ! ಒಂದು ಮೂಕ ಪ್ರಾಣಿ ತುತ್ತಿಗೆ ಕಣ್ಣು ಹಾಕ್ತೀಯಲ್ಲ, ನೀನೇನು ಮನುಷ್ಯನಾ? ಹಗ್ಗ ಕೊಡು ಇಲ್ಲಿ!”

‘ನೀವು’ ಹೋಗಿ ‘ನೀನು’ ಬಂದದ್ದು ಅವನಿಗೂ ಕೇಳಿಸಿತು. ಸುಮ್ಮನೆ ಹಗ್ಗ ಕೊಟ್ಟು ತಿರುಗಿ ನೋಡದೆ ಹೋದ. ಗುಡುಗು ಬಾಗಿಲ ಕಡೆಗೇ ಮುಖ ಮಾಡಿ ಕೂತಿತು.

ಆ ಕೂರುವ ರೀತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಗಂಡನೂ ಹೀಗೇ ಅವಳನ್ನು ಸೂಟ್‌ಕೇಸಿನ ಸಮೇತ ತಾಯಿಯ ಮನೆ ಬಾಗಿಲಿಗೆ ತಂದು, “ನಾಲ್ಕು ದಿನ ಇರ್ಲಿ” ಎಂದು ಹೋಗಿದ್ದ. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಯಾಕೆ ಅಂತ ಅವಳಿಗೆ ಯಾರೂ ಹೇಳಲಿಲ್ಲ. ಮುಖ ನೋಡಿ ಒಂದು ಕಾರಣ ಹೇಳಿದ್ದರೆ... ಎಷ್ಟೇ ಕೆಟ್ಟದ್ದಾಗಿರಲಿ, ಕಾರಣ ಗೊತ್ತಿದ್ದರೆ ನಿದ್ದೆಯಾದರೂ ಬರುತ್ತಿತ್ತು!

*

ಮುಂದಿನ ಭಾನುವಾರ ಬೀಗದವನು ಮತ್ತೆ ಬಂದ, ಕೈಯಲ್ಲಿ ಎಣ್ಣೆ ಡಬ್ಬಿ ಹಿಡಿದುಕೊಂಡು.

“ಗೂಡುಗಳ ಚಿಲಕ ಎಲ್ಲ ತುಕ್ಕು ಹಿಡಿದಿವೆ. ಸುಮ್ನೆ ಮಾಡಿಕೊಡ್ತೀನಿ,” ಎಂದು ಡಾಕ್ಟರಮ್ಮನನ್ನು ಕೇಳಿದ. ನಾಯಿಮನೆ ಕಟ್ಟಿದವರು, ಪ್ರಾಣಿಗಳಿಗೆ ಮದ್ದು ಮಾಡುವವರು ಎರಡೂ ಆ ಡಾಕ್ಟರಮ್ಮನೇ. ಸುಮ್ಮನೆ ಬಂದ ಕೆಲಸವನ್ನು ಬೇಡ ಅನ್ನುವಷ್ಟು ಅನುಕೂಲ ಅವರಿಗಿರಲಿಲ್ಲ.

“ಬರ್ಲಿ. ಆದ್ರೆ ಗುಡುಗು ಇರೋ ಸಾಲಿಗೆ ಕಾಲಿಡಬಾರ್ದು,” ಎಂದಳು ಕಾರಣಕ್ಕ.

ಅವನು ತಲೆಯಾಡಿಸಿದ. ಒಂದು ಬೇಯಿಸಿದ ಮೊಟ್ಟೆಯನ್ನು ಕೌಂಟರಿನ ಮೇಲಿಟ್ಟ. “ಗುಡುಗಿಗೆ...”

“ಜಾಸ್ತಿ ತಿನ್ನುತ್ತೆ ಅಂದ್ಯಲ್ಲ!” ಅವಳು ಅವನ ಕಣ್ಣೆದುರೇ ಆ ಮೊಟ್ಟೆಯನ್ನು ಬಾಗಿಲಲ್ಲಿದ್ದ ಕುಂಟು ನಾಯಿಗೆ ಎಸೆದಳು.

ಮುಂದಿನ ವಾರವೂ ಮೊಟ್ಟೆ ಬಂತು. ಮತ್ತೆ ಎಸೆದಳು. ಕುಂಟು ನಾಯಿ ಎಷ್ಟು ದಪ್ಪಗಾಯಿತೆಂದರೆ ಅದು ಅಡ್ಡ ಮಲಗಿದರೆ ರಸ್ತೆಯ ಬಸ್ಸು ದಾರಿ ಬದಲಿಸಬೇಕಾಗುತ್ತಿತ್ತು.

ಆಚೆ ಸಾಲಿನಲ್ಲಿ ಗುಡುಗು ಅವನ ವಾಸನೆ ಹಿಡಿದು ಬಾಗಿಲು ಕೆರೆಯುತ್ತಿತ್ತು. ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಆಗ ಒಂದು ಕ್ಷಣ ನಿಲ್ಲುತ್ತಿತ್ತು. ಅವಳು ಅದನ್ನು ನೋಡುತ್ತಿದ್ದಳು. ನೋಡಿ ಖುಷಿಪಡುತ್ತಿದ್ದಳು. ‘ಉರಿಯಲಿ! ಬಿಟ್ಟು ಹೋದವರಿಗೂ ಸ್ವಲ್ಪ ಉರಿಯಲಿ!’

ಆದರೆ ಅವನು ಬರುವುದನ್ನು ಬಿಡಲಿಲ್ಲ.

“ಆ ಚಿಲಕ ಹೋದ ವಾರವೇ ಸರಿ ಮಾಡಿದ್ಯಲ್ಲ, ಮತ್ತೆ ಯಾಕೆ ಬಿಚ್ತಿದೀಯ?”

“ಸರಿಯಾಗಿದ್ಯಾ ಅಂತ ನೋಡೋಕೆ.”

“ನಿನ್ನ ತಲೇನೂ ಒಂದ್ಸಲ ಬಿಚ್ಚಿ ನೋಡ್ಕೋ.”

“ನೋಡಿದೀನಿ ರೀ. ಒಂದು ಸ್ಪ್ರಿಂಗು ಬಿಟ್ರೆ ಒಳಗೇನೂ ಇಲ್ಲ.”

ನಗು ಗಂಟಲವರೆಗೆ ಬಂತು. ಅವಳು ಕಷಾಯ ಕುಡಿದಂತೆ ಅದನ್ನು ನುಂಗಿದಳು. ಅವತ್ತು ಅವನು ಹೋದ ಮೇಲೆ, ಯಾರಿಗೂ ಕಾಣದ ಹಾಗೆ, ಮೊಟ್ಟೆಯನ್ನು ಗುಡುಗಿಗೆ ಕೊಟ್ಟಳು.

ಒಂದು ಸಂಜೆ ಅವಳು ಮನೆಯ ಮೆಟ್ಟಿಲ ಮೇಲೆ ಚೀಲ ಹಿಡಿದು ಕೂತಿದ್ದಾಗ ಬೀಗದವನು ಆ ದಾರಿಯಲ್ಲಿ ಬಂದ.

“ಇಲ್ಯಾಕೆ ಕೂತಿದೀರಿ? ಕೀಲಿ ಕಳ್ಕೊಂಡ್ರಾ?”

“ಕಳ್ಕೊಳ್ಳೋಕೆ ನನ್ನ ಹತ್ರ ಇದ್ರೆ ತಾನೆ? ಅಮ್ಮ ಬಂದು ತೆಗೀಬೇಕು. ವಾಪಸ್ ಬಂದವರಿಗೆ ಕೀಲಿ ಕೊಡಲ್ಲ ನಮ್ಮನೇಲಿ.”

ಅವನು ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ, ಅವಳ ಅಮ್ಮ ಬರುವವರೆಗೂ ಸುಮ್ಮನೆ ಕೂತಿದ್ದ.

‘ನಾಯಿಯನ್ನು ಬಿಟ್ಟವನು ನನ್ನ ಜೊತೆ ಯಾಕೆ ಕೂತ?’ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಮುಂದಿನ ಭಾನುವಾರ ಅವಳು ತಲೆ ಬಾಚಿಕೊಳ್ಳಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು!

*

ಗುಡುಗನ್ನು ಸಾಕಲು ದರ್ಜಿ ದಂಪತಿ ಮುಂದೆ ಬಂದರು. ಅವಳೇ ಆ ಸುದ್ದಿಯನ್ನು ಅವನಿಗೆ ಹೇಳಿದಳು. ಅವನ ಮುಖ ನೋಡಬೇಕಿತ್ತು ಅವಳಿಗೆ.

“ಒಳ್ಳೇದಾಯ್ತು,” ಎಂದ ಅವನು. ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸುತ್ತ, “ಒಂದು ಮಾತು ಅವರಿಗೆ ಹೇಳಿ. ಬಲಗಡೆಯಿಂದ ಮುಟ್ಟೋದು ಬೇಡ ಅಂತ.”

“ಯಾಕೆ?”

“ಸುಮ್ನೆ... ಬೇಡ ಅಷ್ಟೆ.”

“ಕಾರಣ?”

ಮತ್ತೆ ಅದೇ ಬೀಗ ಬಿದ್ದ ಬಾಯಿ.

ಅವಳಿಗೆ ಮೈಯೆಲ್ಲ ಉರಿಯಿತು. ‘ತನಗೂ ಬೇಡ, ಬೇರೆಯವರಿಗೂ ಹುಳಿ ಹಿಂಡ್ತಾನೆ!’ ಆ ಮಾತನ್ನು ಅವಳು ದರ್ಜಿಗೆ ಹೇಳಲೇ ಇಲ್ಲ.

ವಾರ ತುಂಬುವ ಮೊದಲೇ ದರ್ಜಿಯ ಹೆಂಡತಿ ಕೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಬಲಗಡೆ ಮೈ ಒರೆಸಲು ಹೋದಾಗ ಕಚ್ಚಿತ್ತು. ಆಕೆ ಗುಡುಗಿನ ಮುಂದೆ ಕೂತು, ಕಟ್ಟಳೆಯ ಪ್ರಕಾರ, “ನೀನು ಕಚ್ತೀಯ ಕಣೇ,” ಎಂದು ಹೇಳಿ ಎದ್ದು ಹೋದಳು.

ಕಚ್ಚಿದ ನಾಯಿ ಹಿಂದಿನ ಸಾಲಿಗೆ ಹೋಗಬೇಕು. ಅದು ನಾಯಿಮನೆಯ ನಿಯಮ. ಅಲ್ಲಿ ಬಿಸಿಲು ಬೀಳುವುದಿಲ್ಲ. ಅಲ್ಲಿಗೆ ಹೋದ ನಾಯಿಯನ್ನು ಸಾಕಲು ಬಂದವರಿಗೆ ತೋರಿಸುವುದಿಲ್ಲ. ಸಾಯುವವರೆಗೂ ಅಲ್ಲೇ.

ಹಿಂದಿನ ಸಾಲಿಗೆ ಹಾಕುವ ಮೊದಲು ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ಬೆಳಕಿಗೆ ಹಿಡಿದು ನೋಡಿ ಅವರ ಮುಖ ಕಪ್ಪಿಟ್ಟಿತು.

“ಬಲಗಡೆ ಪಕ್ಕೆಲುಬು ಮುರಿದು ಕೂಡಿಕೊಂಡಿದೆ. ಒದ್ದಿದಾರೆ. ಇಲ್ಲಿಂದ ಬೀಗದವನ ಮನೆಗೆ ಹೋಗೋವಾಗ ಸರಿಯಾಗಿತ್ತು, ನಾನೇ ನೋಡಿದ್ದೆ.”

ಅವಳು ಎಕ್ಸ್‌ರೇ ಕಿತ್ತುಕೊಂಡು ನೋಡಿದಳು. ಅವನೇ? ಮೆಟ್ಟಿಲ ಮೇಲೆ ಕೂತಿದ್ದ ಅವನೇ?

ಓಡುತ್ತಲೇ ರಸ್ತೆಯ ತಿರುವಿಗೆ ಹೋದಳು. ಮೇಜಿನ ಸುತ್ತ ಗಿರಾಕಿಗಳಿದ್ದರು.

“ನಾಯಿ ಪಕ್ಕೆ ಮುರಿಯೋನ ಕೈಗೆ ಮನೆ ಕೀಲಿ ಕೊಡ್ತಿದೀರಲ್ಲ, ನಿಮಗೆ ಬುದ್ಧಿ ಇದ್ಯಾ?”

ಎಲ್ಲರೂ ತಿರುಗಿದರು.

“ಒದ್ದು ಎಲುಬು ಮುರಿದು, ಆಮೇಲೆ ಜಾಸ್ತಿ ತಿನ್ನುತ್ತೆ ಅಂತ ತಂದು ಬಿಟ್ಟೋನು ಇವನು! ಹೇಳೋ! ಕಾರಣ ಹೇಳು! ನನ್ನ ಮುಖ ನೋಡಿ ಹೇಳು!”

ಬೀಗದವನು ಅವಳ ಮುಖ ನೋಡಿದ.

“ನಾನೇ ಒದ್ದೆ ಅಂದ್ಕೊಳ್ಳಿ.”

ಅಷ್ಟು ಸಾಕಾಯಿತು. ಒಬ್ಬಳು ಹೆಂಗಸು ತನ್ನ ಕೀಲಿಯನ್ನು ಕಿತ್ತುಕೊಂಡಳು. ಇನ್ನೊಬ್ಬ ಉಗಿದ. ಯಾರೋ ಮೇಜಿಗೆ ಒದ್ದರು. ಗೊಂಚಲು ಗೊಂಚಲು ಕೀಲಿಗಳು ಝಲ್ಲೆಂದು ಚರಂಡಿಗೆ ಸುರಿದವು. ಅವನು ಚರಂಡಿಗೆ ಕೈ ಹಾಕಿ ಒಂದೊಂದನ್ನೇ ಹೆಕ್ಕುತ್ತಿದ್ದರೆ, ಅವಳು ಎದೆ ಸೆಟೆಸಿ ನಡೆದು ಹೋದಳು.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

*

“ಊರಿನ ಗಂಡಸರನ್ನೆಲ್ಲ ಬೀದೀಲಿ ನಿಲ್ಲಿಸಿ ಕಾರಣ ಕೇಳ್ತೀಯಂತೆ?” ಅಮ್ಮ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. “ಅದಕ್ಕೇ ನಿನ್ನನ್ನ ತಂದು ಬಿಟ್ಟಿದ್ದು.”

“ಯಾಕೆ ಬಿಟ್ಟ ಅಂತ ನಂಗೇ ಗೊತ್ತಿಲ್ಲ, ನಿಂಗೆ ಗೊತ್ತಾ?”

“ಗೊತ್ತಿಲ್ದೆ ಏನು? ಅವತ್ತೇ ಹೇಳಿದ್ದ.”

ಅವಳ ಕೈಯ ತುತ್ತು ಅಲ್ಲೇ ನಿಂತಿತು. “ಏನಂತ?”

“ನೀನು ಜೋರಾಗಿ ನಗ್ತೀಯಂತೆ. ನಾಲ್ಕು ಜನ ತಿರುಗಿ ನೋಡ್ತಾರಂತೆ. ಅವನಿಗೆ ನಾಚಿಕೆ ಆಗ್ತಿತ್ತಂತೆ.”

“...ಅಷ್ಟೇನಾ?”

“ಅಷ್ಟೇ. ಹೆಣ್ಣಿಗೆ ಅಷ್ಟು ಸಾಲ್ದಾ?”

ಇಷ್ಟು ವರ್ಷ ಅವಳು ಹುಡುಕಿದ ಕಾರಣ ಇದೇ. ಪಾತ್ರೆ ತೊಳೆಯುವ ಹೊತ್ತಿಗೆ ಹೇಳಿ ಮುಗಿಸಬಹುದಾದಷ್ಟು ಸಣ್ಣದು. ಗೊತ್ತಾದ ಮೇಲೆ ನೋವು ಒಂದು ಸಾಸಿವೆಯಷ್ಟೂ ಕಡಿಮೆಯಾಗಲಿಲ್ಲ.

‘ಜೋರಾಗಿ ನಗ್ತೀಯ’... ‘ಜಾಸ್ತಿ ತಿಂತೀಯ’...

ಅವಳು ಸರಕ್ಕನೆ ತಲೆ ಎತ್ತಿದಳು. ನಾಯಿಗೆ ಎಲುಬು ಮುರಿಯುವವನು ವಾರ ವಾರ ಮೊಟ್ಟೆ ಯಾಕೆ ತರುತ್ತಾನೆ? ಜಾಸ್ತಿ ತಿನ್ನುತ್ತದೆ ಎಂದವನು!

ಮರುದಿನ ನಾಯಿಮನೆಯ ಬಾಗಿಲು ತೆರೆಯುವ ಮೊದಲೇ ಒಬ್ಬಳು ಹೆಂಗಸು ಹೊರಗೆ ನಿಂತಿದ್ದಳು. ಸೆರಗನ್ನು ಕೆನ್ನೆಯವರೆಗೆ ಎಳೆದುಕೊಂಡಿದ್ದಳು.

“ನಾನು ಬೀಗದವನ ಅತ್ತಿಗೆ ಕಣಮ್ಮ. ನೀವು ನಾಯಿಗೆ ಕಾರಣ ಹೇಳಿಸ್ತೀರಂತಲ್ಲ... ನಾನು ಹೇಳ್ಬೇಕು.”

ಗುಡುಗನ್ನು ಹಿಂದಿನ ಸಾಲಿನಿಂದ ಕರೆತಂದರು. ಆಕೆಯನ್ನು ಕಂಡದ್ದೇ ತಡ, ಅದು ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುತ್ತ ಬಂತು. ಆಕೆ ಕೆಳಗೆ ಕೂತಳು. ಸೆರಗು ಜಾರಿತು. ಕೆನ್ನೆಯ ಮೇಲೆ ನೀಲಿ ಗುರುತು, ಅದರ ಪಕ್ಕದಲ್ಲಿ ಹಳದಿಗೆ ತಿರುಗಿದ ಇನ್ನೊಂದು ಗುರುತು.

“ಆ ಒದೆ ನಂದು ಕಣೇ,” ಎಂದಳು ನಾಯಿಗೆ. “ನನ್ನ ಗಂಡ ನನಗೆ ಅಂತ ಎತ್ತಿದ ಕಾಲು ಅದು. ನೀನು ಯಾಕೆ ಅಡ್ಡ ಬಂದೆ? ಇನ್ನೊಂದು ಒದೆ ಬಿದ್ದಿದ್ರೆ ನೀನು ಸತ್ತೇ ಹೋಗ್ತಿದ್ದೆ. ಅದಕ್ಕೇ ಮೈದುನ ನಿನ್ನನ್ನ ಇಲ್ಲಿ ತಂದು ಬಿಟ್ಟ. ಯಾರಿಗೂ ಹೇಳ್ಬೇಡ, ಮಾನ ಹೋಗುತ್ತೆ ಅಂತ ಅವನ ಕಾಲು ಹಿಡಿದಿದ್ದು ನಾನು... ತಪ್ಪಾಯ್ತು ಕಣೇ.”

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಕಾರಣಕ್ಕನಿಗೆ ಏನೂ ಕಾಣಲಿಲ್ಲ. ಕಣ್ಣಿನ ತುಂಬ ಚರಂಡಿಗೆ ಬಿದ್ದ ಕೀಲಿಗಳು.

“ಕಚ್ಚೋಕೂ ಒಂದು ಕಾರಣ ಇತ್ತಲ್ಲ,” ಎಂದರು ಡಾಕ್ಟರಮ್ಮ ಕೊನೆಗೆ. “ಇದು ಹಿಂದಿನ ಸಾಲಿಗೆ ಹೋಗೋದು ಬೇಡ.”

*

ಬೀಗದವನ ಮೇಜಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಹೋಗಿ ಅವನೆದುರಿಗೆ ಫುಟ್‌ಪಾತಿನ ಮೇಲೆ ಮಂಡಿಯೂರಿ ಕೂತಳು. ಹೋಗಿ ಬರುವವರು ನಿಂತು ನೋಡಿದರು.

“ಏಳಿ, ಏನಿದು...”

“ಮುಖ ನೋಡಿ ಹೇಳ್ಬೇಕು. ನನ್ನದೇ ಕಟ್ಟಳೆ.” ಅವಳ ದನಿ ಒಡೆಯಿತು. “ಬಲಗಡೆ ಮುಟ್ಟಬೇಡ ಅಂತ ನೀನು ಹೇಳಿದ್ದನ್ನ ನಾನು ದರ್ಜಿಗೆ ಹೇಳ್ಲಿಲ್ಲ. ಹಟಕ್ಕೆ. ಗುಡುಗು ಕಚ್ಚಿದ್ದು ನನ್ನಿಂದ. ನಿನ್ನ ಹೊಟ್ಟೆ ಮೇಲೆ ಹೊಡೆದಿದ್ದು ನಾನು. ನನ್ನನ್ನ ಯಾರೋ ಬಿಟ್ಟು ಹೋದ ಸಿಟ್ಟನ್ನ ನಿನ್ನ ಮೇಲೆ ತೀರಿಸ್ಕೊಂಡೆ. ಇದೇ ಕಾರಣ.”

ಅವನು ಏನೋ ಹೇಳಲು ಹೋದ. ಅವಳು ಕೈ ಅಡ್ಡ ಹಿಡಿದಳು.

“ಇನ್ನೂ ಒಂದಿದೆ. ಇದು ನಿನ್ನದು. ನಾಯಿನ ಉಳಿಸಿದೆ. ಅತ್ತಿಗೇನ ಬಿಟ್ಟೆ. ಆ ಮನೇಲಿ ಒದೆ ತಿನ್ನೋಕೆ ಒಬ್ಬರು ಕಡಿಮೆ ಆದ್ರು, ಅಷ್ಟೆ.”

ಚರಂಡಿಗೆ ಬಿದ್ದ ಕೀಲಿಗಳಿಗಿಂತ ಆ ಮಾತು ಅವನನ್ನು ಹೆಚ್ಚು ನೋಯಿಸಿತು.

“ಅತ್ತಿಗೇನೇ ಬೇಡ ಅಂದ್ರು...”

“ಅವರು ಬೇಡ ಅಂದಿದ್ದು ಹೆದರಿಕೆಗೆ. ನೀನು ಒಪ್ಕೊಂಡಿದ್ದು ಯಾಕೆ?”

ಅವನು ಮೇಜಿನ ಕೆಳಗಿನಿಂದ ಒಂದು ಹೊಸ ಬೀಗ ತೆಗೆದು, ಹತ್ಯಾರದ ಚೀಲಕ್ಕೆ ಹಾಕಿಕೊಂಡು ಎದ್ದ.

ಬೀಗದವನ ಅಣ್ಣ ಲಾರಿ ಓಡಿಸುವವನು. ಅವತ್ತು ಸಂಜೆ ಲೋಡು ಇಳಿಸಿ ಮನೆಗೆ ಬಂದಾಗ ಅವನ ಕೀಲಿಗೆ ಬಾಗಿಲು ತೆರೆಯಲಿಲ್ಲ. ತಿರುಗಿಸಿದ, ಬೈದ, ಒದ್ದ. ಒಳಗೆ ಅತ್ತಿಗೆ ಗೋಡೆಗೆ ಅಂಟಿ ನಿಂತಿದ್ದಳು. ಅವಳ ಮುಂದೆ ಕಾರಣಕ್ಕ. ಇಬ್ಬರ ಮುಂದೆ ಗುಡುಗು.

“ತೆಗಿಯೇ ಬಾಗಿಲು! ಕೊಂದು ಹಾಕ್ತೀನಿ!”

ಆಗ ಗುಡುಗು ಬೊಗಳಿತು.

ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ಬೊಗಳಿಕೆಯನ್ನೆಲ್ಲ ಅದು ಒಂದೇ ಸಲಕ್ಕೆ ಹೊರಗೆ ಹಾಕಿತು! ಕಿಟಕಿ ಗಾಜುಗಳು ನಡುಗಿದವು, ಮೂರು ಬೀದಿಯಾಚೆ ಮಲಗಿದ್ದ ಕೂಸುಗಳು ಎದ್ದವು, ಬಿಸಿಲಿದ್ದರೂ ಜನ ಒಣಗಲು ಹಾಕಿದ ಬಟ್ಟೆ ತೆಗೆಯಲು ಓಡಿದರು ಎಂದು ಈಗಲೂ ಹೇಳುತ್ತಾರೆ. ಒಟ್ಟಿನಲ್ಲಿ, ಇಷ್ಟು ವರ್ಷ ಅತ್ತಿಗೆಯ ಕೂಗು ಕೇಳಿಯೂ ಬಾಗಿಲು ಮುಚ್ಚಿಕೊಂಡಿದ್ದ ಅಕ್ಕಪಕ್ಕದವರು, ನಾಯಿಯ ಕೂಗಿಗೆ ಹೊರಗೆ ಬಂದರು.

ಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಬಾಗಿಲು ಒಡೆಯಲು ಬಿಡದೆ ಹೊರಗೆ ಅಡ್ಡ ಬಂದ ಬೀಗದವನನ್ನು ಅಣ್ಣ ಕೆಡವಿ, ಅವನ ಬಲಗೈಯನ್ನು ಬೂಟಿನಲ್ಲಿ ತುಳಿದಿದ್ದ.

“ಬೀಗ ಬದಲಾಯಿಸ್ತೀಯಾ? ಇನ್ಮೇಲೆ ಬದಲಾಯಿಸು, ನೋಡೋಣ!”

ಅಣ್ಣನನ್ನು ಪೊಲೀಸರು ಎಳೆದುಕೊಂಡು ಹೋದರು. ಬೀಗದವನ ಎರಡು ಬೆರಳು ಮತ್ತೆಂದೂ ನೇರವಾಗಲಿಲ್ಲ.

*

ಗುಡುಗನ್ನು ಸಾಕಲು ಕೇಳಿದ್ದು ಅತ್ತಿಗೆ. ಅವಳ ಮನೆಗೇ ಅದು ಹೋಯಿತು. ಅತ್ತಿಗೆ ಈಗ ನಾಯಿಮನೆಯಲ್ಲಿ ಅಡುಗೆ ಮಾಡುತ್ತಾಳೆ. ಕುಂಟು ನಾಯಿ ಇನ್ನಷ್ಟು ದಪ್ಪಗಾಗಿದೆ.

ಕಾರಣಕ್ಕ ಕೌಂಟರಿನ ಕೆಲಸ ಮುಗಿಸಿ ನೇರವಾಗಿ ರಸ್ತೆಯ ತಿರುವಿಗೆ ಹೋಗುತ್ತಾಳೆ. ಅಲ್ಲಿ ಅವನು ಹೇಳುತ್ತಾನೆ, ಇವಳು ಅರ ಹಾಕುತ್ತಾಳೆ. ತಾನು ಓಡಿಸಿದ ಗಿರಾಕಿಗಳ ಮನೆ ಮನೆಗೆ ತಾನೇ ಹೋಗಿ ಸತ್ಯ ಹೇಳಿ ಬಂದಿದ್ದಳು. ಕೆಲವರು ವಾಪಸ್ ಬಂದರು. ಕೆಲವರು ಇವಳ ಮುಖದ ಮೇಲೇ ಬಾಗಿಲು ಹಾಕಿದರು.

“ಆ ಹಲ್ಲಿನ ಹತ್ರ ಇನ್ನೊಂಚೂರು,” ಎಂದ ಅವನು. “ಹೂಂ... ಸಾಕು. ಊದಿ.”

ಅವಳು ಊದಿದಳು. ಪುಡಿ ಹಾರಿತು. ಕೀಲಿ ಫಳಫಳ ಹೊಳೆಯಿತು.

“ಯಾರ ಗಿರಾಕಿದು ಇದು? ಬೆಳಗ್ಗಿಂದ ಇದೊಂದಕ್ಕೇ ಜೀವ ತಿಂತಿದೀಯ.”

ಅವನು ಬಾಗಿದ ಬೆರಳುಗಳಿಂದಲೇ ಆ ಕೀಲಿಯನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ.

“ನಮ್ಮನೇದು. ಅತ್ತಿಗೆ ಹತ್ರ ಒಂದಿದೆ. ನನ್ನ ಹತ್ರ ಒಂದಿದೆ. ಇದು... ನಿನ್ನದು.”

ಮೊದಲ ಸಲ ಅವನು ‘ನೀನು’ ಅಂದದ್ದು. ಅರದ ಬಿಸಿ ಇನ್ನೂ ಕೀಲಿಯಲ್ಲಿತ್ತು.

“ನಾನು ಒಂದ್ಸಲ ವಾಪಸ್ ಬಂದವಳು.”

“ಗುಡುಗೂ ಬಂದಿತ್ತು.”

“ನೀನೂ ಒಂದು ದಿನ ನನ್ನನ್ನ ತಂದು ಬಿಟ್ರೆ?”

“ಬಿಡೋದಾದ್ರೆ ಕೆಳಗೆ ಕೂತು ನಿನ್ನ ಮುಖ ನೋಡಿ ಕಾರಣ ಹೇಳ್ಬೇಕಲ್ಲ...” ಅವನು ತಲೆ ಕೆರೆದುಕೊಂಡ. “ನಂಗೆ ಗೊತ್ತಿರೋದು ಒಂದೇ ಸುಳ್ಳು. ಜಾಸ್ತಿ ತಿಂತೀಯ ಅನ್ನೋದು. ಅದನ್ನ ನೀನು ನಂಬಲ್ಲ.”

ನಗು ಗಂಟಲಿಗೆ ಬಂತು. ಎಂದಿನಂತೆ ಅವಳು ನುಂಗಲು ನೋಡಿದಳು. ಆಗಲಿಲ್ಲ. ವರ್ಷಗಟ್ಟಲೆ ಒಳಗೆ ಬಚ್ಚಿಟ್ಟದ್ದೆಲ್ಲ ಒಂದೇ ಸಲಕ್ಕೆ ನುಗ್ಗಿ ಬಂತು. ಎಷ್ಟು ಜೋರಾಗಿ ಎಂದರೆ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು, ರಸ್ತೆಯ ಆಚೆ ಬದಿಯವರು ತಿರುಗಿ ನಿಂತರು.

ಅವಳು ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು.

“ಎಲ್ಲರೂ ನೋಡ್ತಿದಾರೆ...”

ಬೀಗದವನು ಅವಳ ಬಾಯಿ ಮೇಲಿದ್ದ ಕೈಯನ್ನು ಮೆಲ್ಲನೆ ತೆಗೆದ.

“ಹಿಂದಿನ ಸೀಟಿನವರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ,” ಎಂದ. “ಇನ್ನೊಂದ್ಸಲ ನಗು.”